ಸ್ಪರ್ಧೆಯ ದಿನ ಯಾರೂ ಸಾಯಬಾರದು

ನಾನು ಗಣಿತದ ಟೀಚರು. ಸಂಗೀತಕ್ಕೂ ನನಗೂ ಇರುವ ಸಂಬಂಧ ಇಷ್ಟೇ: ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರೋ ಅಧಿಕಾರಿ ಶಾಲೆಗೆ ಬಂದಿದ್ದರು, ಪ್ರಾರ್ಥನೆ ಹೇಳುವ ಹುಡುಗಿ ಜ್ವರ ಬಂದು ಮಲಗಿದ್ದಳು, ಬೇರೆ ದಾರಿ ಕಾಣದೆ ನಾನೇ ನಿಂತು ಹಾಡಿಬಿಟ್ಟೆ. ಆವತ್ತಿನಿಂದ ಹನುಮಸಾಗರದ ಹತ್ತಿರದ ನಮ್ಮ ಪ್ರೌಢಶಾಲೆಯಲ್ಲಿ ಹಾಡುವುದು, ಕುಣಿಯುವುದು, ಬಾರಿಸುವುದು, ಊದುವುದು ಎಲ್ಲವೂ ನನ್ನ ಪಾಲಿಗೆ ಬಿದ್ದಿವೆ. ಹೆಡ್ ಮಾಸ್ತರರ ಮುಂದೆ ಎಷ್ಟು ಗೋಳಾಡಿದರೂ ಅವರದು ಒಂದೇ ಮಾತು, ನಿಮ್ಮ ಕಂಠ ಛಲೋ ಐತಲ್ರಿ ಟೀಚರ ಅಂತ. ಕಂಠ ಛಲೋ ಇದ್ದವರು ಬೀಜಗಣಿತವನ್ನು ಯಾವಾಗ ಮುಗಿಸಬೇಕು ಎಂಬುದನ್ನು ಮಾತ್ರ ಅವರು ಈವರೆಗೆ ಹೇಳಿಲ್ಲ.

ತಾಲೂಕು ಮಟ್ಟದ ಮಕ್ಕಳ ಸಂಗೀತ ಸ್ಪರ್ಧೆ ಪ್ರತಿ ವರ್ಷ ಕುಷ್ಟಗಿಯಲ್ಲಿ ನಡೆಯುತ್ತದೆ. ಅಲ್ಲಿ ಗೆದ್ದವರು ಜಿಲ್ಲಾ ಸ್ಪರ್ಧೆಗೆ ಕೊಪ್ಪಳಕ್ಕೆ ಹೋಗುತ್ತಾರೆ. ವಾದ್ಯ ನುಡಿಸುವ ಮಕ್ಕಳು ತಮ್ಮ ವಾದ್ಯವನ್ನು ತಾವೇ ತರಬೇಕು ಎಂದು ಸುತ್ತೋಲೆ ಬರುತ್ತದೆ. ನಮ್ಮ ಶಾಲೆಯಲ್ಲಿರುವ ವಾದ್ಯವೆಂದರೆ ಒಂದು ಗಂಟೆ, ಅದನ್ನೂ ಜವಾನ ಬಿಟ್ಟು ಬೇರೆಯವರು ಬಾರಿಸುವಂತಿಲ್ಲ.

ಆ ವರ್ಷ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಹಾರ್ಮೋನಿಯಂ ನುಡಿಸುತ್ತಿದ್ದಳು. ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತಾರೆ. ಊರಿಗೆಲ್ಲ ಇದ್ದದ್ದು ಒಂದೇ ಪೇಟಿ, ಭಜನಾ ಸಂಘದ್ದು, ಹನುಮಪ್ಪನ ಗುಡಿಯಲ್ಲಿ ಇರುತ್ತಿತ್ತು. ಅದನ್ನು ನುಡಿಸುವವರು ಒಬ್ಬ ಮುದುಕರು, ಎಲ್ಲರೂ ಅವರನ್ನು ಪೇಟಿ ಮಾಸ್ತರ ಎನ್ನುತ್ತಿದ್ದರು. ಹುಡುಗಿಯ ಅಪ್ಪ ಹಿಟ್ಟಿನ ಗಿರಣಿ ನಡೆಸುವಾತ, ಭಜನಾ ಸಂಘಕ್ಕೆ ಮುಂದಾಳು, ದಮ್ಮಡಿ ಬಡಿಯುವುದರಲ್ಲಿ ಎತ್ತಿದ ಕೈ. ಸಣ್ಣವಳಿದ್ದಾಗ ಅಪ್ಪನ ಹಿಂದೆ ಗುಡಿಗೆ ಹೋಗಿ ಪೇಟಿ ಮಾಸ್ತರರ ಬಗಲಿಗೆ ಕುಳಿತು ಅವಳು ಕಲಿತುಬಿಟ್ಟಿದ್ದಳು. ಗುಡಿಯಲ್ಲಿ ಜನ ಇಲ್ಲದ ಮಧ್ಯಾಹ್ನಗಳಲ್ಲಿ ಮುದುಕರು ಅವಳನ್ನು ಇನ್ನಷ್ಟು ತಿದ್ದಿದ್ದರು. ನನಗೆ ಸಂಗೀತದ ಗಂಧ ಅಷ್ಟಕ್ಕಷ್ಟೇ, ಆದರೂ ಅವಳು ಪೇಟಿಯ ಮೇಲೆ ಬೆರಳಿಟ್ಟರೆ ಕೈಯಲ್ಲಿದ್ದ ಉತ್ತರ ಪತ್ರಿಕೆ ಕೆಳಗಿಟ್ಟು ಕೇಳುತ್ತಿದ್ದೆ.

ಅಪ್ಪನಿಗೆ ಮಾತ್ರ ಇದು ಬೇಡವಾಗತೊಡಗಿತ್ತು. ಮಗಳು ಬೆಳೆದಳಲ್ಲ. ಹೆಣ್ಣುಮಗಳು ಗಂಡಸರ ನಡುವೆ ಪೇಟಿ ಹಿಡಿದು ಕುಳಿತರೆ ನಾಲ್ಕು ಮಂದಿ ಏನಂದಾರು ಎಂಬ ಚಿಂತೆ. ನಾನು ಗಿರಣಿಗೇ ಹೋಗಿ, ಹಿಟ್ಟಿನ ಧೂಳು ನುಂಗುತ್ತ ನಿಂತು ವಾದ ಮಾಡಿದೆ. ಕಡೆಗೆ ಅವರು ಒಂದು ಷರತ್ತಿಗೆ ಒಪ್ಪಿದರು. ಕುಷ್ಟಗಿಯಲ್ಲಿ ಗೆದ್ದು ಕೊಪ್ಪಳಕ್ಕೆ ಹೋದರೆ ಮುಂದೆಯೂ ನುಡಿಸಲಿ, ಇಲ್ಲವಾದರೆ ಪೇಟಿಯ ಹತ್ತಿರ ಸುಳಿಯುವ ಹಾಗಿಲ್ಲ. ಹುಡುಗಿ ಗಿರಣಿಯ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು.

ಸ್ಪರ್ಧೆಯ ಹಿಂದಿನ ದಿನ ಪೇಟಿ ಮಾಸ್ತರರು ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆಂದು ಗಂಗಾವತಿಗೆ ಹೋದರು. ಹೋಗುವ ಮೊದಲು ಪೇಟಿಯನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಮುಂಜಾನೆ ಬಂದು ಒಯ್ಯಿರಿ ಎಂದು ನನಗೆ ಹೇಳಿ ಹೋದರು. ಮರುದಿನ ಟಂಟಂ ಗಾಡಿಯೊಂದನ್ನು ಗೊತ್ತುಮಾಡಿಕೊಂಡು ಗುಡಿಗೆ ಬಂದೆ. ಹುಡುಗಿ ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು, ಎರಡು ಜಡೆ ಮಡಚಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು. ಪೇಟಿ ಇರಲಿಲ್ಲ.

ಪೂಜಾರಿ ಗಂಟೆಗೆ ಹುಣಸೆಹಣ್ಣು ತಿಕ್ಕುತ್ತಿದ್ದವರು ತಲೆ ಎತ್ತದೆ ವಿಷಯ ಹೇಳಿದರು. ಹಳೇ ಓಣಿಯ ಅಜ್ಜಿಯೊಬ್ಬಳು ನಸುಕಿನಲ್ಲಿ ತೀರಿಕೊಂಡಿದ್ದಳು. ನಮ್ಮೂರಲ್ಲಿ ಯಾರು ಸತ್ತರೂ ಹೆಣದ ಮುಂದೆ ಭಜನೆ ಆಗಲೇಬೇಕು, ದೂರದ ನೆಂಟರು ಬಂದು ಹೆಣ ಎತ್ತುವವರೆಗೂ ನಿಲ್ಲಿಸುವಂತಿಲ್ಲ. ಅದಕ್ಕೇ ತಬಲಾ, ತಾಳ, ದಮ್ಮಡಿಗಳ ಜೊತೆ ಪೇಟಿಯನ್ನೂ ಹೊತ್ತುಕೊಂಡು ಹೋಗಿದ್ದರು. ಆದರೆ ನುಡಿಸುವವರು ಗಂಗಾವತಿಯಲ್ಲಿದ್ದಾರಲ್ಲ ಎಂದೆ. ಹೌದಲ್ಲ ಎಂದು ಪೂಜಾರಿ ಗಂಟೆ ತಿಕ್ಕುವುದನ್ನು ಮುಂದುವರಿಸಿದರು.

ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ನಮ್ಮೂರ ಮಂದಿ ಕಣ್ಣಮುಂದೆ ಮಾಡಿ ತೋರಿಸಿದ್ದರು.

ಸಾವಿನ ಮನೆಯಲ್ಲಿ ಅಜ್ಜಿಯನ್ನು ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು ಹೂವಿನ ಹಾರ ಹಾಕಿದ್ದರು. ಮುಂದೆ ಜಮಖಾನೆಯ ಮೇಲೆ ಭಜನೆಯವರು. ಅವರ ನಡುವೆ ಪೇಟಿ, ಯಾರೂ ಮುಟ್ಟದೆ, ಸುಮ್ಮನೆ. ನಾನು ಹುಡುಗಿಯ ಅಪ್ಪನ ಬಗಲಲ್ಲಿ ಕುಕ್ಕರಗಾಲಲ್ಲಿ ಕುಳಿತು ಪಿಸುಗುಟ್ಟಿದೆ, ಹೆಂಗೂ ಇಲ್ಲಿ ನುಡಿಸುವವರಿಲ್ಲ, ಪೇಟಿ ಕೊಡಿ, ಮಧ್ಯಾಹ್ನಕ್ಕೆ ತಂದು ಕೊಡುತ್ತೇನೆ ಎಂದು. ಅವರು ಕಣ್ಣಿನಿಂದಲೇ ಪೇಟಿಯ ಕಡೆ ತೋರಿಸಿದರು. ಅದಕ್ಕೆ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿಬಿಟ್ಟಿದ್ದರು.

"ಪೂಜಿ ಆಗೇತ್ರಿ ಟೀಚರ. ಹೆಣಕ್ಕಿಂತ ಮೊದಲ ಅದನ್ನ ಎತ್ತಾಕ ಬರೂದಿಲ್ಲ."

ನುಡಿಸುವವರಿಲ್ಲ ಎಂದು ಗೊತ್ತಿದ್ದೂ ಯಾಕೆ ತಂದಿರಿ ಎಂದು ಕೇಳಿದೆ. ಪೇಟಿ ಇಲ್ಲದೆ ಭಜನೆಗೆ ಕುಳಿತರೆ ಕುಳಿತಂತೆ ಅನಿಸುವುದಿಲ್ಲವಂತೆ. ತರಗತಿಯಲ್ಲಾಗಿದ್ದರೆ ಕಿವಿ ಹಿಂಡುತ್ತಿದ್ದೆ. ಇಲ್ಲಿ ಎದುರಿಗೆ ಅಜ್ಜಿ ಕುಳಿತಿದ್ದಳು, ಹೆಂಗಸರು ಅಳುತ್ತಿದ್ದರು, ನಾನು ಸೆರಗು ಸರಿಮಾಡಿಕೊಂಡು ಎದ್ದು ಬಂದೆ.

ಓಣಿಯ ತುದಿಯ ಬೇವಿನ ಗಿಡದ ಕೆಳಗೆ ನಿಂತು ಫೋನು ಹಚ್ಚಿದೆ. ತಾವರಗೇರಾದ ಒಬ್ಬರ ಹತ್ತಿರ ಪೇಟಿ ಇತ್ತು, ಇಲಿ ತಿದಿಯನ್ನು ಕಡಿದಿತ್ತು. ಹನುಮಸಾಗರದವರದು ಮದುವೆಗೆ ಹೋಗಿತ್ತು. ಕುಷ್ಟಗಿಯ ಸಂಘಟಕರಿಗೆ ಫೋನು ಮಾಡಿ ನಮ್ಮ ಹುಡುಗಿಯನ್ನು ಕೊನೆಗೆ ಹಾಕಿ ಎಂದು ಕೈಮುಗಿದು ಕೇಳಿಕೊಂಡೆ. ನನಗೆ ಒಳಗೊಳಗೇ ಒಂದು ಧೈರ್ಯವಿತ್ತು. ಪ್ರತಿ ವರ್ಷ ಮುಖ್ಯ ಅತಿಥಿಗಳು ಮಧ್ಯಾಹ್ನದ ಊಟದ ಹೊತ್ತಿಗೆ ಬರುತ್ತಾರೆ, ಆಮೇಲೆ ಸಾಲಾಗಿ ಭಾಷಣ, ಮಕ್ಕಳು ಹಸಿದು ಬಾಡಿದ ಮೇಲೆ ಸ್ಪರ್ಧೆ. ಆದರೆ ಆ ವರ್ಷ ಅತಿಥಿಗಳಿಗೆ ಯಲಬುರ್ಗಾದಲ್ಲಿ ಇನ್ನೊಂದು ಕಾರ್ಯಕ್ರಮವಿತ್ತಂತೆ. ಹೇಳಿದ ಹೊತ್ತಿಗೆ ಸರಿಯಾಗಿ ಬಂದು, ಎರಡು ಮಾತಾಡಿ, ದೀಪ ಹಚ್ಚಿ ಹೋಗಿಬಿಟ್ಟಿದ್ದರು. ಹುಟ್ಟಿದಾಗಿನಿಂದ ತಡಮಾಡಿದ ಮನುಷ್ಯ ನನಗೆ ತಡ ಬೇಕಾದ ದಿನವೇ ಸುಧಾರಿಸಿದ. ಅಂಥ ನಸೀಬು ನನ್ನದು.

ಮತ್ತೆ ಸಾವಿನ ಮನೆಯ ಮುಂದೆ ಬಂದು ನಿಂತರೆ ಭಜನೆ ಹಳ್ಳ ಹಿಡಿದಿತ್ತು. ಸ್ವರ ಹಿಡಿದುಕೊಡಲು ಪೇಟಿ ನುಡಿಸುವವರು ಇಲ್ಲದ್ದಕ್ಕೆ ಒಬ್ಬರು ತೀರ ಮೇಲೆ ಎತ್ತಿಕೊಂಡರೆ ಇನ್ನೊಬ್ಬರು ಪಾತಾಳಕ್ಕೆ ಇಳಿಯುತ್ತಿದ್ದರು, ನಡುವೆ ತಬಲಾದವನು ಯಾರ ಬೆನ್ನು ಹತ್ತುವುದೆಂದು ತಿಳಿಯದೆ ಬಡಿಯುತ್ತಿದ್ದ. ನನ್ನ ಹಿಂದೆ ನಿಂತ ಹುಡುಗಿಯ ಮುಖ ಹಲ್ಲುನೋವು ಬಂದವರ ಹಾಗಿತ್ತು. ಆಗ ಅಜ್ಜಿಯ ಮಗಳು, ದೂರದ ಊರಿಂದ ಆಗಷ್ಟೇ ಬಂದಿಳಿದಿದ್ದವಳು, ಅಳುವನ್ನು ತಡೆದು ಭಜನೆಯವರ ಕಡೆ ತಿರುಗಿದಳು.

"ನಮ್ಮವ್ವ ಜೀವ ಇರೂತನಕ ಭಜನಿ ಬಿಟ್ಟಾಕಿ ಅಲ್ಲ. ಇವತ್ತ ಅಕಿ ಮುಂದ ಪೇಟಿ ಮೂಕ ಕುಂತೈತಿ. ಯಾರರ ಬಾರಸ್ರಪಾ."

ಎಲ್ಲರಿಗೂ ಗೊತ್ತಿತ್ತು, ನುಡಿಸಬಲ್ಲವಳು ಎರಡು ಮಾರು ದೂರದಲ್ಲಿ ನಿಂತಿದ್ದಾಳೆ ಎಂದು. ಒಬ್ಬೊಬ್ಬರೇ ಗಿರಣಿಯವರ ಮುಖ ನೋಡತೊಡಗಿದರು. ಅವರು ದಮ್ಮಡಿಯ ಚರ್ಮವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಆಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಬಾರವಾ, ಕುಂದ್ರು."

ಹುಡುಗಿ ಚಪ್ಪಲಿ ಬಿಟ್ಟು ಹೋಗಿ ಕುಳಿತಳು. ಮಾಲೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ತಿದಿ ಒತ್ತಿದಳು. ಮೊದಲು ಒಂದೇ ಸ್ವರವನ್ನು ಹಿಡಿದು ನಿಂತಳು, ದೊಡ್ಡವರೆಲ್ಲ ತಂತಮ್ಮ ಗಂಟಲನ್ನು ಅದಕ್ಕೆ ತಂದು ಕೂಡಿಸುವವರೆಗೂ ಬಿಡಲಿಲ್ಲ. ಆಮೇಲೆ ತತ್ವಪದ ಶುರುವಾಯಿತು. ಹೆಂಗಸರ ಅಳುವೂ ಒಂದು ಹದಕ್ಕೆ ಬಂತು. ನನಗೆ ಹೆಮ್ಮೆಯಾಗಬೇಕಿತ್ತು, ಆಗಿದ್ದು ಸಂಕಟ. ಇಷ್ಟು ಚೆನ್ನಾಗಿ ನುಡಿಸುವುದನ್ನು ಅಂಕ ಹಾಕುವವರು ಕೇಳಬೇಕಿತ್ತು, ಅವರು ಕುಷ್ಟಗಿಯಲ್ಲಿ ಕುಳಿತು ಯಾರದೋ ಕೀಬೋರ್ಡಿನಲ್ಲಿ ಸಿನಿಮಾ ಹಾಡು ಕೇಳುತ್ತಿದ್ದರು.

ಫೋನು ಬಂತು, ಇನ್ನು ಇಬ್ಬರ ನಂತರ ನಿಮ್ಮ ಹುಡುಗಿ ಎಂದು. ಅಲ್ಲಿಗೆ ಬಂದಿದ್ದ ಬೇರೊಂದು ಶಾಲೆಯ ಪುಣ್ಯಾತ್ಮರೊಬ್ಬರು ತಮ್ಮ ಪೇಟಿ ಕೊಡುವುದಾಗಿ ಹೇಳಿದ್ದರು, ನಾವು ತಲುಪಿದರೆ ಸಾಕಿತ್ತು. ಒಂದು ಪದ ಮುಗಿದು ಚಹಾ ಬಂದಾಗ ನಾನು ಬಗ್ಗಿ ಅವಳ ಕಿವಿಯಲ್ಲಿ ಹೇಳಿದೆ, ಗಾಡಿ ನಿಂತಿದೆ, ಈಗ ಹೊರಟರೂ ಹೇಗಾದರೂ ತಡೆಹಿಡಿಸುತ್ತೇನೆ, ಎದ್ದೇಳು ಎಂದು. ಇವತ್ತು ಹೋಗದಿದ್ದರೆ ನಿಮ್ಮಪ್ಪ ಏನು ಹೇಳಿದ್ದಾರೆ ನೆನಪಿದೆಯಾ ಎಂದೂ ಕೇಳಿದೆ. ಅವಳಿಗೆ ನೆನಪಿತ್ತು, ಕಣ್ಣು ತುಂಬಿದ್ದವು.

"ನಾ ಎದ್ದರ ಇವರು ಮತ್ತ ಸ್ವರ ಬಿಡ್ತಾರ್ರಿ ಟೀಚರ" ಎಂದಳು.

ಚಹಾದ ಲೋಟ ಕೆಳಗಿಡುವ ಮೊದಲೇ ಭಜನೆ ಮತ್ತೆ ಶುರುವಾಯಿತು. ಹೆಣ ಎತ್ತಿದ್ದು ಹೊತ್ತು ವಾಲಿದ ಮೇಲೆ. ಕುಷ್ಟಗಿಯಲ್ಲಿ ಅವಳ ಹೆಸರಿನ ಮುಂದೆ ಗೈರು ಎಂದು ಬರೆದು ಬಹುಮಾನ ಹಂಚಿ ಮುಗಿಸಿದ್ದರು. ಟಂಟಂನವನು ದಿನ ಹಾಳಾಯಿತೆಂದು ನನ್ನ ಮೇಲೆ ಹರಿಹಾಯ್ದ. ಮರುದಿನ ಹೆಡ್ ಮಾಸ್ತರರು, ಒಂದು ಹುಡುಗಿಯನ್ನು ಕುಷ್ಟಗಿ ಮುಟ್ಟಿಸಲಿಕ್ಕೆ ಆಗಲಿಲ್ಲವೇನ್ರಿ ಎಂದರು. ನಾನು ಏನಂದೆ ಎಂಬುದು ಇಲ್ಲಿ ಬೇಡ.

ಒಂದೆರಡು ವಾರ ಹುಡುಗಿಯನ್ನು ಪೇಟಿಯ ವಿಷಯ ಕೇಳಲು ನನಗೆ ಬಾಯಿ ಬರಲಿಲ್ಲ. ಷರತ್ತು ಷರತ್ತೇ. ಆಮೇಲೆ ಒಂದು ದಿನ ಬಹುಪದೋಕ್ತಿ ಹೇಳಿಕೊಡುತ್ತಿರುವಾಗ ಗಿರಣಿಯವರು ಮೈಯೆಲ್ಲ ಹಿಟ್ಟಿನಲ್ಲೇ ತರಗತಿಯ ಬಾಗಿಲಿಗೆ ಬಂದು ನಿಂತರು. ಮಗಳನ್ನು ಸ್ವಲ್ಪ ಕಳಿಸಬೇಕಂತೆ, ಕೆಳಗಿನ ಓಣಿಯಲ್ಲಿ ಒಬ್ಬರು ತೀರಿಕೊಂಡಿದ್ದಾರಂತೆ. ಪೇಟಿ ಮಾಸ್ತರರು ಮೊಮ್ಮಗನ ಮೋಹಕ್ಕೆ ಗಂಗಾವತಿಯಲ್ಲೇ ಉಳಿದುಬಿಟ್ಟಿದ್ದರು. ನನ್ನ ಕೈಯಲ್ಲಿ ಸುಣ್ಣದಕಡ್ಡಿ ಮುರಿಯಿತು. ಹೆಣ್ಣುಮಗಳು ಗಂಡಸರ ನಡುವೆ ಕುಳಿತರೆ ಛಲೋ ಕಾಣುವುದಿಲ್ಲ ಎಂದವರು ನೀವೇ ತಾನೆ ಎಂದೆ. ಸಾವಿನ ಮನೆಯಲ್ಲಿ ಯಾರೂ ಹಾಗೆ ನೋಡುವುದಿಲ್ಲ ಎಂದರು. ಹಾಗಾದರೆ ಮುಂದಿನ ವರ್ಷ ಸ್ಪರ್ಧೆಗೂ ಕಳಿಸುತ್ತೀರಾ ಎಂದೆ. ಅವರು ನಿಜವಾಗಿಯೂ ಅರ್ಥವಾಗದೆ ನನ್ನ ಮುಖ ನೋಡಿದರು.

"ಸ್ಪರ್ಧಾಕ್ಕ ಯಾಕ್ರಿ ಟೀಚರ? ಅಲ್ಲೇನು ಯಾರರ ಸತ್ತಾರ?"

ಹೀಗೆ ಒಂದು ವರ್ಷ ನಡೆಯಿತು. ಹುಡುಗಿ ನುಡಿಸಲಿ ಎಂದು ಗಿರಣಿಯಲ್ಲಿ ಜಗಳವಾಡಿದ ನಾನೇ ಹುಡುಗಿ ತರಗತಿಯಲ್ಲಿ ಕೂರಲಿ ಎಂದು ಬಾಗಿಲಲ್ಲಿ ಜಗಳವಾಡಬೇಕಾಯಿತು. ಹತ್ತನೇ ತರಗತಿ, ಎದುರಿಗೆ ಪರೀಕ್ಷೆ. ಅವಳು ಸಾವಿನ ಮನೆಯ ಭಜನೆ ಮುಗಿಸಿಕೊಂಡು ಊದಿನಕಡ್ಡಿಯ ವಾಸನೆಯೊಡನೆ ಬಂದು ಕುಳಿತು, ಬಿಟ್ಟುಹೋದ ಲೆಕ್ಕ ಕೇಳುತ್ತಿದ್ದಳು. ನಾನು ಬೈಯುತ್ತಲೇ ಹೇಳಿಕೊಡುತ್ತಿದ್ದೆ.

ಮತ್ತೆ ಸ್ಪರ್ಧೆ ಬಂತು. ಅಪ್ಪನನ್ನು ಈ ಸಲ ಒಪ್ಪಿಸಿದ್ದು ನಾನಲ್ಲ, ಮಗಳು. ಸತ್ತವರಿಗೆ ಇಷ್ಟು ನುಡಿಸಿದ್ದೇನೆ, ಒಂದು ಸಲ ಬದುಕಿದವರ ಮುಂದೆ ನುಡಿಸುತ್ತೇನೆ ಎಂದಳಂತೆ. ಅದರ ಫಲಿತಾಂಶವನ್ನು ಈಗಲೇ ಹೇಳಿ ಮುಗಿಸುತ್ತೇನೆ: ಎರಡನೆಯ ಸ್ಥಾನ ಬಂತು, ಮೊದಲನೆಯದು ಕೀಬೋರ್ಡಿಗೆ ಹೋಯಿತು, ಕೊಪ್ಪಳಕ್ಕೆ ಹೋದದ್ದು ಕೀಬೋರ್ಡು. ಅಂಕ ಹಾಕಿದವರಲ್ಲಿ ಒಬ್ಬರು, ಹುಡುಗಿ ಭಾಳ ನಿಧಾನ ಬಾರಸ್ತಾಳ ಎಂದರು. ಅದರ ಬಗ್ಗೆ ಮಾತಾಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನಾನು ಹೇಳಬೇಕಾದದ್ದು ಅದರ ಹಿಂದಿನ ಸಂಜೆಯದು. ಶಾಲೆ ಬಿಟ್ಟವಳೇ ಊರಲ್ಲಿ ಹಾಸಿಗೆ ಹಿಡಿದವರ ಮನೆಗಳಿಗೆಲ್ಲ ಹೋದೆ. ಹೇಗಿದ್ದೀರಿ, ಉಸಿರು ಸರಿ ಆಡುತ್ತಿದೆಯಾ, ಗಂಜಿ ಇಳಿಯುತ್ತಿದೆಯಾ ಎಂದು ಕೇಳಿದೆ. ಎಂದೂ ಇಲ್ಲದ ಟೀಚರು ಮನೆಗೆ ಬಂದರೆಂದು ಅವರೆಲ್ಲ ಚಹಾ ಮಾಡಿಸಿದರು, ಎಷ್ಟು ಒಳ್ಳೆಯ ಮನಸ್ಸು ಎಂದರು. ನಾನು ನಾಚಿಕೆಯಿಂದ ಬಿಸಿ ಚಹಾ ಗಟಗಟ ಕುಡಿದು ಮುಂದಿನ ಮನೆಗೆ ಓಡಿದೆ.

ಕೊನೆಯ ಮನೆ ಒಬ್ಬ ಅಜ್ಜನದು. ವೈದ್ಯರು ಇನ್ನೇನೂ ಇಲ್ಲ ಎಂದು ಮನೆಗೆ ಕಳಿಸಿದ್ದರು. ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿದ್ದ ಅಜ್ಜ ನನ್ನ ಉಪಚಾರದ ಮಾತನ್ನೆಲ್ಲ ಕೇಳಿ ಮುಗಿಸಿ, ಮಗ ಒಳಗೆ ಹೋದದ್ದನ್ನು ನೋಡಿ, ಮೆಲ್ಲಗೆ ಕೇಳಿದ, ಸ್ಪರ್ಧೆ ಯಾವತ್ತು ಎಂದು. ನಾಳೆ ಎಂದೆ.

"ಹಂಗಾರ ನಾಡದ ತನಕ ತಡಕೋತೀನಿ. ಹೋಗಿ ಬರ್ರಿ" ಎಂದ ಅಜ್ಜ. ಬಾಗಿಲು ದಾಟುವಾಗ ಮತ್ತೆ ಕರೆದ. "ಆದ್ರ ಟೀಚರ, ನನ್ನ ಪಾಳಿ ಬಂದಾಗ ಅಕಿನ ಬಾರಸಬೇಕು. ಆವತ್ತ ಗಣಿತ ಅದು ಇದು ಅಂತ ಅಡ್ಡ ಬರಬ್ಯಾಡ್ರಿ."

ಆಗಲಿ ಎಂದೆ. ಅಜ್ಜ ಮಾತಿಗೆ ತಪ್ಪಲಿಲ್ಲ. ಅವನ ಪಾಳಿ ಬಂದದ್ದು ಪೂರ್ವಸಿದ್ಧತಾ ಪರೀಕ್ಷೆಯ ಹಿಂದಿನ ದಿನ, ನಾನೇ ಅವಳನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅಜ್ಜನ ಮನೆಗೆ ಬಿಟ್ಟುಬಂದೆ.