ನಾನೇ ಕಳಚಿಟ್ಟ ನಳಿಕೆ

೨೦೧೯ರ ಫೆಬ್ರುವರಿ ೧೧, ಸೋಮವಾರ. ಆಧಾರ: ನನ್ನ ಪ್ರಯೋಗದ ದಿನಚರಿ. ವಾರವನ್ನು ಆ ವರ್ಷದ ಕ್ಯಾಲೆಂಡರಿನೊಡನೆ ತಾಳೆ ನೋಡಿದ್ದೇನೆ.

ಜಿಯೋಲೈಟ್ ಎಂಬ ಪುಡಿಯ ಅತಿಸೂಕ್ಷ್ಮ ರಂಧ್ರಗಳಲ್ಲಿ ತಾಮ್ರವನ್ನು ನೆಲೆಗೊಳಿಸಿ, ಅದರಿಂದ ಮಿಥೇನನ್ನು ಮೆಥನಾಲ್ ಆಗಿಸುವುದು ನನ್ನ ಸಂಶೋಧನೆಯಾಗಿತ್ತು. ಸಿಲಿಂಡರಿನ ಶುದ್ಧ ಮಿಥೇನಿನಿಂದ ಅದು ಸಾಧ್ಯವಾಗಿತ್ತು. ಗೋಬರ್ ಗ್ಯಾಸಿನಿಂದಲೂ ಆದೀತೇ ಎಂದು ನೋಡಲು ಸವಣೂರಿನ ಸಮೀಪದ ರೈತರ ಮನೆಯೊಂದಕ್ಕೆ ಹೋಗಿದ್ದೆ. ಅಲ್ಲಿ ಗ್ಯಾಸಿನ ಘಟಕವನ್ನು ನೋಡಿಕೊಳ್ಳುತ್ತಿದ್ದವರು ಆ ಮನೆಯ ಸೊಸೆ. ಹಿರೇಕೆರೂರಿನಲ್ಲಿ ಆರಂಭವಾಗಲಿದ್ದ ತರಬೇತಿಯಲ್ಲಿ ಇತರ ಹೆಣ್ಣುಮಕ್ಕಳಿಗೆ ಈ ಕೆಲಸ ಕಲಿಸಲು ಅವರ ಹೆಸರೇ ಬಹುತೇಕ ನಿಶ್ಚಯವಾಗಿತ್ತು.

“ಸರ್, ಈ ಗ್ಯಾಸಿನ ಹಂತ್ಯಾಕ ಇಟ್ರ ತಾಮ್ರದ ತಂಬಿಗಿ ಕರ್ರಗ ಆಗ್ತೈತ್ರಿ,” ಎಂದರು ಅವರು. “ನಿಮ್ಮ ಪುಡ್ಯಾಗೂ ತಾಮ್ರನ ಐತಿ ಅಂದ್ರಲ್ಲ.”

“ಅದು ತಂಬಿಗಿ ಅಲ್ಲ, ತಂಗಿ,” ಎಂದೆ.

“ತಂಬಿಗಿ ಆಗಿದ್ರ ಹುಣಸಿಹಣ್ಣು ಹಚ್ಚಿ ತಿಕ್ತಿದ್ವಿರಿ. ನಿಮ್ದನ್ನ ಹ್ಯಾಂಗ ತಿಕ್ತೀರಿ?”

ಕಟ್ಟೆಯ ಮೇಲಿದ್ದ ಅತ್ತೆ ನಕ್ಕು, “ಸಾಕ್ ಬಿಡ, ಅವರು ಓದಿದಾವ್ರು,” ಎಂದರು.

ಗ್ಯಾಸಿನಲ್ಲಿರುವ ಗಂಧಕ ತಾಮ್ರವನ್ನು ಕೆಡಿಸುತ್ತದೆಂಬುದು ನನಗೆ ಗೊತ್ತಿತ್ತು. ಅದನ್ನು ಹಿಡಿದಿಡಲೆಂದೇ ತುಕ್ಕು ಹಿಡಿದ ಕಬ್ಬಿಣದ ಚೂರು ತುಂಬಿದ ನಳಿಕೆಯೊಂದನ್ನು ಜೋಡಿಸಿದ್ದೆ. ಅದರ ಮೂಲಕ ಅನಿಲದ ಚೀಲ ತೀರ ನಿಧಾನವಾಗಿ ತುಂಬುತ್ತಿತ್ತು. ಶಿಗ್ಗಾಂವದ ಬಸ್ಸಿಗೆ ಹೊತ್ತಾಗಿತ್ತು. ನಳಿಕೆಯನ್ನು ಕಳಚಿ ಪಕ್ಕಕ್ಕಿಟ್ಟೆ. ಸೊಸೆ ಅದನ್ನು ನೋಡಿದರು.

ಮರುದಿನ ಶಿಗ್ಗಾಂವದ ಕಾಲೇಜೊಂದರ ಪ್ರಯೋಗಾಲಯದಲ್ಲಿ ನನ್ನ ತಿಳಿನೀಲಿ ಪುಡಿ ಕಪ್ಪಾಯಿತು. ಎಷ್ಟು ಉಗಿ ಹಾಯಿಸಿದರೂ ಮೆಥನಾಲ್ ಹೊರಬರಲಿಲ್ಲ.

ವರದಿಯ ಮೊದಲ ಕರಡಿನಲ್ಲಿ “ನಳಿಕೆಯನ್ನು ನಾನು ಕಳಚಿದೆ” ಎಂದಿದೆ. ಆ ಕರಡು ಇಂದಿಗೂ ನನ್ನ ಬಳಿ ಇದೆ. ಮೂರನೆಯದರಲ್ಲಿ ಅದು “ಮನೆಯವರ ಅಜಾಗರೂಕತೆಯಿಂದ ನಳಿಕೆ ಕಳಚಿತ್ತು” ಎಂದಾಯಿತು. ಮಾರ್ಚ್ ೧೫ರಂದು ಶಿಗ್ಗಾಂವದಲ್ಲಿ, ಘಟಕದ ಮನೆಯವರನ್ನೂ ಕರೆದಿದ್ದ ತರಬೇತಿ ಸಮಿತಿಯ ಸಭೆಯಲ್ಲಿ, ನಾನು ಓದಿದ್ದು ಈ ಮೂರನೆಯದನ್ನು.

“ಒಂದ್ ನಳಿಗಿ ಕಾಯಾಕ ಆಗದಾವ್ರು ಮಂದಿಗೆ ಏನ್ ಕಲಸ್ತಾರ್ರಿ?” ಎಂದರು ಸದಸ್ಯರೊಬ್ಬರು. ಕೆಲವರು ನಕ್ಕರು. ನಾನು ಹಾಳೆಗಳನ್ನು ಜೋಡಿಸಿಕೊಳ್ಳುತ್ತ ಕುಳಿತೆ. ಹಿರೇಕೆರೂರಿನ ಕೆಲಸ ಬೇರೊಬ್ಬರಿಗೆ ಹೋಯಿತು. ಸವಣೂರಿನ ಆ ಮನೆಗೆ ನಾನು ಮತ್ತೆ ಹೋಗಲಿಲ್ಲ.

ಇಷ್ಟು ವರ್ಷ ಒಂದು ನೆನಪನ್ನು ಆಸರೆಯಾಗಿ ಹಿಡಿದಿದ್ದೆ: ಆ ದಿನ ಆ ಮನೆಯ ಸೊಸೆ ಸಭೆಗೆ ಬಂದಿರಲಿಲ್ಲ, ಮನೆಯ ಪರವಾಗಿ ಅವರ ಮೈದುನ ಬಂದಿದ್ದ; ಆ ವಾಕ್ಯ ಅವರ ಕಿವಿಗೆ ನೇರವಾಗಿ ಬಿದ್ದಿಲ್ಲ. ಮೈದುನನ ಬಿಳಿ ಟೊಪ್ಪಿಗೆ ಕೂಡ ನನ್ನ ಕಣ್ಣಮುಂದಿದೆ.

ಕಳೆದ ವಾರ ಹಾನಗಲ್ಲಿನ ನನ್ನ ಮನೆಯಲ್ಲಿ ಹಳೆಯ ಕಾಗದಗಳನ್ನು ವಿಂಗಡಿಸುವಾಗ ಆ ಸಭೆಯ ಹಾಜರಿ ಹಾಳೆಯ ಪ್ರತಿ ಸಿಕ್ಕಿತು. ದಿನಾಂಕ ಸರಿಯಾಗಿದೆ. ಮೈದುನನ ಸಹಿ ಅದರಲ್ಲಿಲ್ಲ. ನನ್ನ ಸಹಿಯ ಕೆಳಗಿನ ಸಾಲಿನಲ್ಲಿ, ಬಿಡಿಬಿಡಿ ಅಕ್ಷರಗಳಲ್ಲಿ, ಅವರದಿದೆ.