ಬಚ್ಚಲೊಲೆಯ ಮುಂದಿನ ಓದು

ನಾನು ನೌಕರಿಗೆ ಸೇರಿದ ಮೇಲೆ ಅವ್ವನಿಗೆ ಆರಾಮಾಯಿತು ಎಂದು ಅಪ್ಪ ಮನೆಗೆ ಬಂದವರಿಗೆಲ್ಲ ಹೇಳುತ್ತಾನೆ. ಬಚ್ಚಲ ಗೋಡೆಯ ಮೇಲಿನ ಗೀಜರನ್ನು ತೋರಿಸಿಯೇ ಹೇಳುತ್ತಾನೆ. ಬಂದವರು ತಲೆದೂಗುತ್ತಾರೆ. ಈ ಮಾತಿಗೆ ಆಧಾರವೇನು ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಅವ್ವನನ್ನಂತೂ ಕೇಳಿಯೇ ಇಲ್ಲ.

ನೌಕರಿ ಎಂದರೆ ರೋಣದ ಒಂದು ಅಂಗಡಿಯಲ್ಲಿ ಮಿಕ್ಸರ್, ಫ್ಯಾನು, ಗೀಜರು ಮಾರುವುದು. ಗಜೇಂದ್ರಗಡದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಲ್ಲುತ್ತಿದ್ದೆ ಎಂಬ ಒಂದೇ ಕಾರಣಕ್ಕೆ ಮಾಲೀಕರು ನನ್ನನ್ನು ತೆಗೆದುಕೊಂಡರು. ಒಲ್ಲೆ ಅನ್ನುವ ಗಿರಾಕಿಯ ಬಾಯಲ್ಲಿ ಹೂಂ ಅನ್ನಿಸಬೇಕು, ಅಷ್ಟೇ. ಸೇರಿದ ಹೊಸತರಲ್ಲೇ ಕೆಲಸದವರಿಗೆ ಕೊಡುವ ರಿಯಾಯಿತಿಯಲ್ಲಿ ಮನೆಗೂ ಒಂದು ಗೀಜರು ತಂದೆ. ಬಚ್ಚಲೊಲೆ ಒಡೆಸಿದೆವು. ಹಂಡೆ ಹಿತ್ತಲು ಸೇರಿತು.

ಆ ಒಲೆಯನ್ನು ಹೊಗಳಲು ನಾನು ಕೂತಿಲ್ಲ. ಅದರ ಹೊಗೆಗೆ ಅವ್ವನ ಕಣ್ಣು ಸದಾ ಕೆಂಪಗಿರುತ್ತಿದ್ದವು. ಹತ್ತಿಕಟ್ಟಿಗೆ ಬೇಗ ಉರಿದು ಬೂದಿಯಾಗುತ್ತದೆ. ಮುಂದೆ ಕೂತು ಒಂದರ ಹಿಂದೆ ಒಂದು ನೂಕುತ್ತಲೇ ಇರಬೇಕು. ಅವ್ವ ಬಲಗೈಯಿಂದ ಕಟ್ಟಿಗೆ ನೂಕುತ್ತ, ಎಡಗೈಯಲ್ಲಿ ಕಾದಂಬರಿ ಹಿಡಿದಿರುತ್ತಿದ್ದಳು. ಏಳುವಾಗ ಹತ್ತಿಕಟ್ಟಿಗೆಯ ಒಂದು ಕಡ್ಡಿ ಮುರಿದು ಪುಟದ ನಡುವೆ ಇಡುತ್ತಿದ್ದಳು. ನಡುವೆ ಯಾರಾದರೂ ಕರೆದರೆ ಒಂದೇ ಉತ್ತರ: "ನೀರಿಗಿ ಉರಿ ಹಾಕಾಕತ್ತೀನಿ." ಕರೆದವರು ಸುಮ್ಮನಾಗುತ್ತಿದ್ದರು. ಕಾಯುತ್ತಿದ್ದದ್ದು ಅವರದೇ ಸ್ನಾನದ ನೀರಲ್ಲವೇ? ಆ ನೀರೋ, ಕೊತಕೊತ ಕುದಿಯುತ್ತಿತ್ತು. ಇದು ಮೈಗೆ ಹಾಕೋ ನೀರೋ, ಅನ್ನಕ್ಕಿಟ್ಟ ಎಸರೋ ಎಂದು ಅಪ್ಪ ಗೊಣಗುತ್ತ ತಣ್ಣೀರು ಬೆರೆಸಿಕೊಳ್ಳುತ್ತಿದ್ದ.

ಯಂತ್ರಗಳು ಹೆಣ್ಣುಮಕ್ಕಳ ವೇಳೆ ಉಳಿಸಿವೆ ಎಂಬ ವಿಷಯದ ಪರವಾಗಿ ಮಾತಾಡಿ ನಾನು ಒಮ್ಮೆ ಬಹುಮಾನ ಗೆದ್ದಿದ್ದೆ. ಉಳಿದ ವೇಳೆ ಎಲ್ಲಿಗೆ ಹೋಗುತ್ತದೆ ಎಂದು ಎದುರು ಪಕ್ಷದವರು ಕೇಳಲಿಲ್ಲ, ತೀರ್ಪುಗಾರರೂ ಕೇಳಲಿಲ್ಲ. ಕೇಳಿದವಳು ಶಿರೋಳದಿಂದ ಗೀಜರು ನೋಡಲು ಬಂದಿದ್ದ ಹೆಣ್ಣುಮಗಳು. ಮನೆಯ ಕಥೆ ಹೇಳಿದರೆ ಮಾಲು ಬೇಗ ಹೋಗುತ್ತದೆ ಎಂದು ಮಾಲೀಕರು ಕಲಿಸಿದ್ದರಿಂದ, ಅವಳಿಗೂ ನಮ್ಮ ಒಲೆಯ ಕಥೆ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು, "ಹಂಗಾರ ಆ ಹೊತ್ತಿನ್ಯಾಗ ಈಗ ನಿಮ್ಮವ್ವ ಏನ್ ಮಾಡ್ತಾಳವಾ?" ಎಂದಳು.

"ಓದ್ತಾಳ್ರಿ," ಅಂದೆ. ತಡವರಿಸಲಿಲ್ಲ. ಗೀಜರು ಮಾರಾಟವಾಯಿತು.

ಸಂಜೆ ಮನೆಗೆ ಬಂದು ಮೊದಲು ಹುಡುಕಿದ್ದು ಆ ಕಾದಂಬರಿಯನ್ನು. ಗೋಡೆಯ ಮಾಡದಲ್ಲಿ, ಊದುಬತ್ತಿಯ ಪೊಟ್ಟಣಗಳ ಕೆಳಗೆ ಸಿಕ್ಕಿತು. ಕಡ್ಡಿ ಒಳಗೇ, ಪುಟಕ್ಕೆ ಅಚ್ಚೊತ್ತಿಕೊಂಡು ಕೂತಿತ್ತು. ಒಲೆ ಒಡೆದ ಮೇಲೆ ಅದು ಒಂದು ಪುಟವೂ ಮುಂದೆ ಸರಿದಿರಲಿಲ್ಲ.

ಮರುದಿನ ನನಗೆ ರಜೆ. ಗೀಜರು ಹಾಕಿ, ಪುಸ್ತಕವನ್ನು ಅವ್ವನ ಕೈಗೆ ಕೊಟ್ಟು, ಪಡಸಾಲೆಯಲ್ಲಿ ಕೂರಿಸಿದೆ. ಆಕೆ ನಕ್ಕಳು, ಕೂತಳು, ಕಡ್ಡಿ ತೆಗೆದಳು. ಅಷ್ಟರಲ್ಲಿ ಅಪ್ಪನಿಗೆ ಚಹಾ ನೆನಪಾಯಿತು. ಚಹಾ ಕೊಟ್ಟು ಬಂದು ಕೂತರೆ ತಮ್ಮನಿಗೆ ಅಂಗಿಯ ಗುಂಡಿ ಕಿತ್ತದ್ದು ಕಂಡಿತು. ಮೂರನೆಯ ಕರೆ ಮತ್ತೆ ಅಪ್ಪನದೇ. ಅವ್ವ ಎದ್ದಳು. ನಾನು ಅಡ್ಡ ಬಂದು, ಆಕೆ ಓದುತ್ತಿದ್ದಾಳೆ, ಬೇಕಾದ್ದನ್ನು ನೀನೇ ತೆಗೆದುಕೋ ಅಂದೆ.

ಅಪ್ಪ ಸಿಟ್ಟಾಗಲಿಲ್ಲ. ನಿಜಕ್ಕೂ ಅರ್ಥವಾಗದವನ ಹಾಗೆ ಕೇಳಿದ: "ಈಗೇನ್ ಒಲಿ ಐತೇನ್, ಕುಂದರಾಕ?"

"ಒಲಿ ಇದ್ದಾಗ ಕರೀತಿರಲಿಲ್ಲಲ್ಲ ನೀನು."

"ಅವಾಗ ಕೆಲಸ ಮಾಡತಿದ್ಲು."

ವಾದದಲ್ಲಿ ನಾನು ಸುಲಭಕ್ಕೆ ಸೋಲುವವಳಲ್ಲ. ಆದರೆ ಅಪ್ಪ ಮೂರೇ ಮಾತಿನಲ್ಲಿ ಗೆದ್ದ. ಈ ಮನೆಯಲ್ಲಿ ಕೂತ ಹೆಂಗಸು ಒಂದೋ ಕೆಲಸ ಮಾಡುತ್ತಿರಬೇಕು, ಇಲ್ಲವೇ ಖಾಲಿ ಇರಬೇಕು; ಮೂರನೆಯದಕ್ಕೆ ಇಲ್ಲಿ ಹೆಸರೇ ಇಲ್ಲ. ಗೀಜರು ಕಂಡುಹಿಡಿದವನು ಹೊಗೆ ತಪ್ಪಿಸಿದ, ಒಪ್ಪುತ್ತೇನೆ. ಕರೆದಾಗ ಏಳದಿರಲು ಅವ್ವನಿಗಿದ್ದ ಒಂದೇ ನೆಪವನ್ನೂ ಅದರ ಜೊತೆಗೇ ತಪ್ಪಿಸಿದ. ಆ ನೆಪವನ್ನು ಒಡೆಸಿ, ಗೀಜರು ತಂದವಳು ನಾನು; ಅದೇ ಕಥೆ ಹೇಳಿ ನಾಳೆ ಮತ್ತೊಂದು ಮಾರಬೇಕಾದವಳೂ ನಾನೇ.

ಮಧ್ಯಾಹ್ನ ಅವ್ವ ಒಣಗಿದ ಬಟ್ಟೆ ಮಡಚುತ್ತಿದ್ದಳು. ಪುಸ್ತಕ ಮತ್ತೆ ಮಾಡ ಸೇರಿತ್ತು, ಕಡ್ಡಿ ಹಳೆಯ ಪುಟದಲ್ಲೇ ಇತ್ತು. ಪಕ್ಕದಲ್ಲಿ ಕೂತು ಒಂದು ಟಾವೆಲ್ ಎತ್ತಿಕೊಂಡೆ. ಅಪ್ಪ ಬೆರೆಸುತ್ತಿದ್ದ ತಣ್ಣೀರು ಆಗ ನೆನಪಾಯಿತು. ಅಷ್ಟೊಂದು ಕುದಿವ ನೀರು ನಮ್ಮಲ್ಲಿ ಯಾರಿಗೂ ಬೇಕಿರಲಿಲ್ಲ.

"ಅವ್ವಾ," ಅಂದೆ, "ನೀರು ಕಾದ ಮ್ಯಾಲೂ ಉರಿ ಹಾಕ್ತನ ಇರತಿದ್ದೆಲ್ಲಾ, ಯಾಕ?"