ಗೀರಿಲ್ಲದ ಹಲಗೆ

ಹೋದ ವರ್ಷದ ಚಳಿಗಾಲ. ಅಮೆರಿಕದ ಪಿಸ್ಕಾಟವೇಯಲ್ಲಿರುವ ಮಗಳ ಮನೆಗೆ ಬಂದು ನನಗೆ ಆರು ವರ್ಷ ತುಂಬಿತ್ತು. ನಾನು ಗದಗಿನ ಕಡೆಯವಳು, ನಾಲ್ಕನೇ ಇಯತ್ತೆ ಓದಿದ್ದೇನೆ, ಅದೂ ಅರ್ಧ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಇಲ್ಲಿ ಹೊತ್ತು ಹೋಗುವುದಿಲ್ಲ. ಅಳಿಯ ಬೆಳಗಿನ ಟ್ರೈನು ಹಿಡಿದು ನ್ಯೂಯಾರ್ಕಿಗೆ ಹೋಗುತ್ತಾನೆ. ಹಿಮ ಬಿದ್ದರೆ ನಾನು ಬಾಗಿಲಾಚೆ ಕಾಲಿಡುವಂತಿಲ್ಲ. ಎದುರು ಮನೆಯ ಮುದುಕಿ ಕಿಟಕಿಯಿಂದ ಕೈ ಬೀಸುತ್ತಾಳೆ, ನಾನೂ ಬೀಸುತ್ತೇನೆ. ಆರು ವರ್ಷದಲ್ಲಿ ನಮ್ಮ ಮಾತುಕತೆ ಅಷ್ಟೇ. ಮಗಳು ಸುನಂದಾ ಮನೆಯಲ್ಲೇ ಕೂತು ಕೆಲಸ ಮಾಡುತ್ತಾಳೆ. ಅವಳ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತ ಕೂಡುತ್ತಿದ್ದೆ. ಮಾತಿಲ್ಲದಿದ್ದರೂ ಪಕ್ಕದಲ್ಲಿ ಒಂದು ಜೀವ ಇರುತ್ತಿತ್ತು.

ಯುರೋಪಿನ ಸರ್ಕಾರದವರು ಜನರ ತೆರಿಗೆ ದುಡ್ಡು ಕೊಟ್ಟು ಮಾಡಿಸಿದ ಕೆಲಸ ನಿಜಕ್ಕೂ ಆಗಿದೆಯೋ ಇಲ್ಲವೋ ಎಂದು ತಪಾಸಣೆ ಮಾಡುವುದು ಅವಳ ಉದ್ಯೋಗ. ಆ ದೇಶದ್ದನ್ನು ಈ ದೇಶದಲ್ಲಿ ಕೂತು ಹೇಗೆ ನೋಡುತ್ತೀ ಎಂದರೆ, "ಎಲ್ಲಾ ಕಂಪ್ಯೂಟರ್‌ನ್ಯಾಗ ಬರ್ತದವ್ವಾ" ಎನ್ನುತ್ತಿದ್ದಳು.

ಒಂದು ದಿನ ಅವಳ ಪರದೆಯ ಮೇಲೆ ದೊಡ್ಡದೊಂದು ಅಡಿಗೆಮನೆಯ ಫೋಟೋ ಕಂಡಿತು.

"ಯಾರ ಮನಿ ಇದು?"

"ಮನಿ ಅಲ್ಲವ್ವಾ, ಸೆಂಟರ್. ಒಂಟಿ ಮುದುಕರಿಗೆ ಮಧ್ಯಾಹ್ನದ ಊಟ ಹಾಕ್ತಾರ. ದಿನಾ ಎರಡು ನೂರು ಮಂದಿಗೆ. ಒಂದು ವರ್ಷ ಆತು. ಪೇಪರ್ಸ್ ಎಲ್ಲಾ ಪರ್ಫೆಕ್ಟ್ ಅದಾವ, ಸಂಜಿಯೊಳಗ ನಾ ಸೈನ್ ಮಾಡಿ ಕಳಸಬೇಕು."

ನಾನು ಕನ್ನಡಕ ಹಾಕಿಕೊಂಡೆ. "ಇದು ಯಾವಾಗ ತೆಗದ ಫೋಟೋ?"

"ಹೋದ ವಾರದ್ದು."

"ಈ ಅಡಿಗಿಮನ್ಯಾಗ ಯಾರೂ ಅಡಿಗಿ ಮಾಡಿಲ್ಲ."

ಅವಳು ನಕ್ಕಳು. "ನಿನ್ನ ಅಡಿಗಿಮನಿ ಹಂಗ ಇರಂಗಿಲ್ಲವ್ವಾ ಅವರದ್ದು. ಮಷೀನಿನ್ಯಾಗ ತೊಳೀತಾರ."

"ಮಷೀನು ಗೀರೂ ತೊಳೀತದೇನ? ಕಾಯಿಪಲ್ಯಾ ಹೆಚ್ಚೋ ಕಟ್ಟಿಗಿ ಹಲಿಗಿ ನೋಡು. ಎರಡು ನೂರು ಮಂದಿಗೆ ಒಂದು ವರ್ಷ ಹೆಚ್ಚಿದ್ರ ನಡಬರಕ ತಗ್ಗು ಬೀಳ್ತದ. ಇದರ ಮ್ಯಾಲ ಚಾಕು ಆಡಿಸಿದ ಒಂದು ಗೀರಿಲ್ಲ."

ಸುನಂದಾ ಫೋಟೋ ದೊಡ್ಡದು ಮಾಡಿದಳು. ಆ ಮೂಲೆ, ಈ ಮೂಲೆ. ದೊಡ್ಡ ಪಾತ್ರೆಯೊಂದಕ್ಕೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಅವಳ ನಗು ನಿಂತಿತು.

"ನಿನಗ ಹೆಂಗ ಹೊಳೀತವ್ವಾ?"

ಹೇಳಲೇಬೇಕಾಯಿತು. ಊರ ಶಾಲೆಯಲ್ಲಿ ನಾನು ಬಿಸಿಯೂಟ ಬೇಯಿಸುತ್ತಿದ್ದೆ. ಐವತ್ತು ಮಕ್ಕಳು ಉಂಡರೆ ಹೆಡ್ ಮಾಸ್ತರು, "ಎಂಬತ್ತು ಉಂಡಾವಂತ ಸಹಿ ಮಾಡವಾ" ಎನ್ನುತ್ತಿದ್ದರು. ಮಾಡುತ್ತಿದ್ದೆ. ತಪಾಸಣೆಗೆ ಬರುವ ಸಾಹೇಬರಿಗಾಗಿ ಹೊಸ ಪಾತ್ರೆ ಜೋಡಿಸಿ ಇಟ್ಟವಳೂ ನಾನೇ. ಅವರು ಪಾತ್ರೆ ನೋಡಿದರು, ನನ್ನ ಸಹಿ ನೋಡಿದರು, ಹೋದರು. ಕೆಲಸ ಹೋದೀತೆಂದು ಬಾಯಿ ಮುಚ್ಚಿಕೊಂಡಿದ್ದೆ. ಮಗಳಿಗೆ ಇದನ್ನು ಎಂದೂ ಹೇಳಿರಲಿಲ್ಲ.

ಸಂಜೆ ಅವಳು ಸಹಿ ಹಾಕಲಿಲ್ಲ. ಅವಳ ಮೇಲಿನ ಸಾಹೇಬ ಫೋನಿನಲ್ಲಿ ಕೂಗಾಡಿದ್ದು ನನಗೂ ಕೇಳಿಸಿತು. ಹಲಗೆಯ ಮೇಲೆ ಗೀರಿಲ್ಲವೆಂದು ಕಡತ ತಡೆಯುವವರು ಯಾರು ಎಂದು ಅವನ ಸಿಟ್ಟಂತೆ, ಆಮೇಲೆ ಮಗಳು ಹೇಳಿದಳು. ಹದಿನೈದು ದಿನ ಹೀಗೇ ಕಳೆಯಿತು. ನನ್ನ ಮಾತು ಸುಳ್ಳಾದರೆ ಅವಳ ನೌಕರಿಗೆ ಕುತ್ತು.

ಆಮೇಲೆ ಆಫೀಸಿನವರು ಅಲ್ಲಿಗೆ ಹೇಳದೆ ಕೇಳದೆ ಊಟದ ಹೊತ್ತಿಗೇ ಒಬ್ಬರನ್ನು ಕಳಿಸಿದರಂತೆ. ಬಾಗಿಲಿಗೆ ಬೀಗ. ಉದ್ಘಾಟನೆಯ ದಿನ ಒಮ್ಮೆ ಹೊರಗಿನಿಂದ ಊಟ ತರಿಸಿ ಬಡಿಸಿದ್ದೇ ಬಡಿಸಿದ್ದು. ಒಂದು ವರ್ಷ ಆ ಮುದುಕರು ತಮ್ಮ ತಮ್ಮ ಮನೆಯಲ್ಲಿ ಏನು ಉಂಡರೋ. ದುಡ್ಡು ನಿಂತಿತು. ಕೆಲವು ತಿಂಗಳ ಮೇಲೆ ಆ ಊರಿನ ಆಡಳಿತವೇ ಅಡಿಗೆಯವರನ್ನು ಇಟ್ಟು ಊಟ ಶುರು ಮಾಡಿತು.

ನನ್ನ ಮಗಳು ಸುಳ್ಳು ಬರೆಯುವವಳಲ್ಲ. ಇದನ್ನು ಕಂಡುಹಿಡಿದದ್ದು ನಮ್ಮವ್ವ ಎಂದು ವರದಿಯಲ್ಲೇ ಬರೆದುಬಿಟ್ಟಳು. ಆಫೀಸಿನವರು ಮೊದಲು ಹೊಗಳಿದರು. ಆಮೇಲೆ, ಸರ್ಕಾರದ ಕಾಗದ ಮನೆಯವರ ಕಣ್ಣಿಗೂ ಬೀಳಬಾರದು, ಬಾಗಿಲು ಹಾಕಿಕೊಂಡೇ ಕೆಲಸ ಮಾಡಬೇಕು ಎಂದರು.

"ಬ್ಯಾಸರಾ ಮಾಡ್ಕೋಬ್ಯಾಡವ್ವಾ" ಎಂದು ಸುನಂದಾ ನನ್ನ ಕುರ್ಚಿಯನ್ನು ಎತ್ತಿ ಅಡಿಗೆಮನೆಯಲ್ಲಿಟ್ಟಳು.

"ಅವರು ಹೇಳಿದ್ದು ಖರೇ ಅದ. ಬಾಗಲಾ ಹಾಕ್ಕೋ ಹೋಗು" ಎಂದೆ.

ಈಗಲೂ ಬಾಗಿಲು ಹಾಕಿಯೇ ಇರುತ್ತದೆ. ಮಧ್ಯಾಹ್ನ ಅವಳಿಗೆ ಮೀಟಿಂಗ್ ಇರುತ್ತದೆ, ತಟ್ಟೆ ಬಾಗಿಲಲ್ಲಿ ಕೊಟ್ಟು ಬರುತ್ತೇನೆ. ಅಲ್ಲಿ ಆ ಮುದುಕರು ಒಟ್ಟಿಗೆ ಕೂತು ಉಣ್ಣುತ್ತಾರಂತೆ. ಇಲ್ಲಿ ನಾನು ಅಡಿಗೆಮನೆಯ ಕಿಟಕಿಯ ಹತ್ತಿರ ಒಬ್ಬಳೇ ರೊಟ್ಟಿ ಮುರಿಯುತ್ತೇನೆ. ಬೇಸರವಿಲ್ಲ ಎಂದು ಬರೆಯಬಹುದಿತ್ತು, ಓದುವವರಿಗೂ ಚೆನ್ನಾಗಿರುತ್ತಿತ್ತು. ಆದರೆ ಆಗದ್ದನ್ನು ಆಗಿದೆ ಎಂದು ಸಹಿ ಹಾಕಿದ್ದು ಆ ಶಾಲೆಗೇ ಸಾಕು.